ಮೂವತ್ತು ಜನರ ಬಿಸಿಬೇಳೆಬಾತ್‌ಗೆ ಅಳತೆ ಹೊಂದಿಸಿದ್ದು

ಡೊಂಬಿವಲಿಯ ನಮ್ಮ ಕಟ್ಟಡದ ಗಣೇಶೋತ್ಸವಕ್ಕೆ ಮೂವತ್ತು ಜನರಿಗೆ ಬಿಸಿಬೇಳೆಬಾತ್ ಆಗಬೇಕಿತ್ತು. ಅಮ್ಮನ ಲೆಕ್ಕ ಪಾವಿನಲ್ಲಿ, ಅದೂ ಆರು ಜನರಿಗೆ. ಇಲ್ಲಿನ ಅಂಗಡಿಯಲ್ಲಿ ಎಲ್ಲವೂ ಕಿಲೋ ಲೆಕ್ಕ.

ಅಮ್ಮನ ಹಿತ್ತಾಳೆ ಪಾವಿಗೆ ಅಕ್ಕಿ ತುಂಬಿ, ಬಾಯಿಗೆ ಸಮನಾಗಿ ಸವರಿ, ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಬೇಳೆ, ಹುಣಸೆಹಣ್ಣು, ಪುಡಿ ಎಲ್ಲವನ್ನೂ ಹಾಗೆಯೇ ಬೇರೆಬೇರೆಯಾಗಿ ತೂಗಿ ಬರೆದುಕೊಂಡೆ. ಒಂದರ ತೂಕ ಇನ್ನೊಂದಕ್ಕೆ ನಡೆಯದು. ಅದೇ ಪಾವಿನ ತುಂಬ ತೆಳು ಅವಲಕ್ಕಿ ಹಾಕಿದರೆ ಅಕ್ಕಿಯ ಅರ್ಧ ತೂಕವೂ ಬರುವುದಿಲ್ಲ.

ಅಕ್ಕಿ, ಬೇಳೆ, ತರಕಾರಿಗೆ ನೇರವಾಗಿ ಐದು ಪಟ್ಟು. ತೊಡಕಿದ್ದದ್ದು ನೀರಿನಲ್ಲಿ. ಅಕ್ಕಿ ಹೀರುವ ನೀರು ಐದು ಪಟ್ಟಾಗುತ್ತದೆ. ಆವಿಯಾಗಿ ಹೋಗುವುದು ಮಾತ್ರ ಪಾತ್ರೆಯ ಬಾಯಿಯ ಅಗಲ ಮತ್ತು ಕುದಿಯುವ ಸಮಯಕ್ಕೆ ಸೇರಿದ್ದು. ಆದ್ದರಿಂದ ನಾಲ್ಕು ಪಟ್ಟು ನೀರು ಹಾಕಿ, ಐದನೆಯ ಪಾಲನ್ನು ಪಕ್ಕದ ಒಲೆಯಲ್ಲಿ ಕುದಿಯಲು ಬಿಟ್ಟು ಸೌಟು ಸೌಟಾಗಿ ಬೆರೆಸಿದೆ. ಅದರಲ್ಲಿ ಅರ್ಧ ಸಾಕಾಯಿತು. ಉಪ್ಪು, ಹುಳಿ, ಖಾರವನ್ನೂ ಹೀಗೆಯೇ ರುಚಿ ನೋಡುತ್ತ ಸೇರಿಸಿದೆ. ಉಪ್ಪು ಪೂರ್ತಿ ಬೇಕಾಯಿತು, ಪುಡಿ ಸ್ವಲ್ಪ ಉಳಿಯಿತು. ಆರಿದಂತೆ ಬಾತ್ ಗಟ್ಟಿಯಾಗುವುದರಿಂದ ಮಿಕ್ಕ ಬಿಸಿನೀರನ್ನು ಬಡಿಸುವ ತನಕ ಚೆಲ್ಲಬೇಡಿ.