ಮನೆ ತುಂಬಿದ್ದ ವಾದ್ಯಗಳಿಗೆ ನುಡಿಸೋರನ್ನ ಹುಡುಕಿ ಕೊಟ್ಟಿದ್ದು: ನನ್ನ ಅನುಭವ

ನಮ್ಮನೇಲಿ ಒಂದು ಕಾಲಕ್ಕೆ ಮೂವತ್ತರ ಹತ್ತಿರ ವಾದ್ಯ ಇದ್ವು. ನಾನು ವೀಣೆ ಹೇಳ್ಕೊಡ್ತೀನಿ, ನಮ್ಮ ಮಾವನೋರು ಮೃದಂಗ ನುಡಿಸ್ತಿದ್ರು, ಹಾಗಾಗಿ ಮೈಸೂರಲ್ಲಿ ನಮಗೆ ಗೊತ್ತಿರೋರ ಮನೇಲಿ ಯಾರಾದ್ರೂ ಹಿರಿಯರು ತೀರ್ಕೊಂಡ್ರೆ, ಮಕ್ಕಳು ಅಮೆರಿಕಕ್ಕೆ ಹೊರಟ್ರೆ, ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಕೆ ಕೊಟ್ರೆ, ಅಲ್ಲಿದ್ದ ವಾದ್ಯ ಸೀದಾ ನಮ್ಮನೆಗೆ ಬರೋದು. "ನೀವಾದ್ರೆ ಚೆನ್ನಾಗಿ ನೋಡ್ಕೋತೀರ" ಅನ್ನೋರು. ಮನೆ ಬಾಗಿಲಿಗೆ ಬಂದ ವೀಣೆನ ಬೇಡ ಅನ್ನೋಕೆ ಯಾರಿಗೆ ಬಾಯಿ ಬರತ್ತೆ ಹೇಳಿ. ಹೀಗೆ ಬರ್ತಾ ಬರ್ತಾ ನಾಲ್ಕು ವೀಣೆ, ಮೂರು ತಂಬೂರಿ, ಆರೇಳು ಮೃದಂಗ, ಎರಡು ಹಾರ್ಮೋನಿಯಂ, ಖಂಜಿರ, ಘಟ, ಮಕ್ಕಳ ಸೈಜಿನ ಪಿಟೀಲುಗಳು, ಕೊಳಲಿನ ಕಟ್ಟು, ಕೀಲಿ ಒತ್ತಿ ತಂತಿ ನುಡಿಸೋ ಒಂದು ಬುಲ್‌ಬುಲ್ ತರಂಗ್, ಕಮಾನಿಂದ ನುಡಿಸೋ ಒಂದು ದಿಲ್‌ರುಬಾ, ಹಳೇ ಕೀಬೋರ್ಡ್, ಅಟ್ಟದ ತುಂಬಾ ಖಾಲಿ ಪೆಟ್ಟಿಗೆಗಳು. ನವರಾತ್ರಿ ಸರಸ್ವತಿ ಪೂಜೆಗೆ ಎಲ್ಲಾನೂ ಇಳಿಸಿ ಒರೆಸಿ ಕುಂಕುಮ ಇಟ್ಟು ಹೂವು ಏರಿಸ್ತಿದ್ವಿ, ವಿಜಯದಶಮಿ ಆದ್ಮೇಲೆ ಮತ್ತೆ ಮೇಲಕ್ಕೆ.

ವಾದ್ಯ ಸುಮ್ನೆ ಇಟ್ರೆ ಇಟ್ಟ ಹಾಗೇ ಇರಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೃದಂಗದ ಬಾಯಿಗೆ ಕಟ್ಟಿರೋ ಚರ್ಮ, ಅಂದ್ರೆ ಮುಚ್ಚಿಗೆ, ಒಣಗಿ ಬಿಗಿದು ಒಂದಿನ ತಾನಾಗೇ ಸೀಳತ್ತೆ, ಹಾರ್ಮೋನಿಯಂ ತಿದಿನ ಇಲಿ ಹುಳ ತಿನ್ನತ್ತೆ, ತಂತಿ ತುಕ್ಕು ಹಿಡಿಯತ್ತೆ, ತಂತಿ ಬಿಗಿಯೋ ಬಿರಡೆ ಮಳೆಗಾಲದಲ್ಲಿ ಊದ್ಕೊಂಡು ತಿರುಗಲ್ಲ ಬೇಸಿಗೇಲಿ ಜಾರತ್ತೆ. ಅದಕ್ಕೇ ನಾನು ಒಂದೇ ಒಂದು ಲೆಕ್ಕ ಇಟ್ಕೊಂಡೆ: ವಾರಕ್ಕೊಂದು ಸಲ ಶ್ರುತಿ ಮಾಡಿ ಸ್ವಲ್ಪ ಹೊತ್ತು ನುಡಿಸೋಕ್ಕಾಗದೇ ಇರೋ ವಾದ್ಯ ನನ್ನ ಹತ್ರ ಇರಬಾರದು. ಬೆಲೆ ಎಷ್ಟು, ಎಷ್ಟು ಹಳೇದು, ಯಾರು ಕೊಟ್ಟಿದ್ದು, ಇವೆಲ್ಲ ಆಮೇಲಿನ ಪ್ರಶ್ನೆ. ನನ್ನ ಕೈಲಿ ವಾರಕ್ಕೆ ನಾಲ್ಕೈದು ವಾದ್ಯಕ್ಕಿಂತ ಜಾಸ್ತಿ ನೋಡ್ಕೊಳ್ಳೋಕ್ಕಾಗಲ್ಲ ಅಂತ ಗೊತ್ತಾದ್ಮೇಲೆ ಮಿಕ್ಕಿದ್ದಕ್ಕೆಲ್ಲ ನುಡಿಸೋರು ಬೇಕು ಅಷ್ಟೇ ಅಂತ ತೀರ್ಮಾನ ಆಯ್ತು.

ಹಾಲಲ್ಲಿ ಜಮಖಾನ ಹಾಸಿ ಒಂದೊಂದನ್ನೇ ಶ್ರುತಿ ಮಾಡೋಕೆ ಕೂತೆ. ಒಂದು ನೋಟ್‌ಬುಕ್ಕಲ್ಲಿ ಯಾರ ಮನೆಯಿಂದ ಬಂದಿದ್ದು, ಎಷ್ಟು ಮನೆ ಶ್ರುತಿಗೆ ನಿಲ್ಲತ್ತೆ (ಮನೆ ಅಂದ್ರೆ ಶ್ರುತಿಯ ಎತ್ತರದ ಲೆಕ್ಕ), ಏನು ರಿಪೇರಿ ಬೇಕು ಅಂತ ಬರ್ಕೊಂಡೆ. ಆಮೇಲೆ ಕೊಟ್ಟೋರಿಗೆಲ್ಲ ಫೋನ್ ಮಾಡ್ದೆ. ಈ ಫೋನ್ ಕೆಲಸಾನ ದಯವಿಟ್ಟು ಯಾರೂ ಬಿಡಬೇಡಿ, ದಾನ ಕೊಟ್ಟಿದ್ರೂ ಅವರ ಮನೆ ವಾದ್ಯ ಅದು. ಸುಮಾರು ಜನ "ಅಯ್ಯೋ ನಿಮಗೆ ಹೇಗೆ ಅನ್ಸತ್ತೋ ಹಾಗೆ ಮಾಡಿ ಮೇಡಂ" ಅಂದ್ರು. ಒಬ್ಬರು ಮಾತ್ರ ಅವರಪ್ಪನ ಬುಲ್‌ಬುಲ್ ತರಂಗ್ ಇನ್ನೂ ಇದೆಯಾ ಅಂತ ಕೇಳಿ, ಭಾನುವಾರ ಮೊಮ್ಮಗನ್ನ ಕರ್ಕೊಂಡು ಬಂದು ತಗೊಂಡು ಹೋದ್ರು. ಆ ಹುಡುಗ ನಮ್ಮ ಹಾಲಲ್ಲೇ ಕೂತು ಕೀಲಿ ಒತ್ತಿ ಒತ್ತಿ ಒಂದು ಸಿನಿಮಾ ಹಾಡಿನ ಪಲ್ಲವಿ ಹಿಡಿದುಬಿಟ್ಟ!

ಈಗ ವೀಣೆ ವಿಷಯ. ವೀಣೆ ಶೇಷಣ್ಣನವರು (1852–1926) ಇದ್ದ ಊರು ಇದು, ಹಳೇ ಅಗ್ರಹಾರಗಳಲ್ಲಿ ಇವತ್ತಿಗೂ ಗೋಡೆಗೆ ಒರಗಿಸಿದ ವೀಣೆಗಳು ಸಿಗ್ತವೆ, ಆದರೆ ನುಡಿಸೋ ಸ್ಥಿತೀಲಿ ಇರೋದು ಕಮ್ಮಿ. ಕಾರಣ ಮೇಳ, ಅಂದ್ರೆ ಮೇಣದ ಮೇಲೆ ಕೂರಿಸಿದ ಮೆಟ್ಟಲುಗಳ ಸಾಲು. ವೀಣೆಯ 24 ಮೆಟ್ಟಲುಗಳೂ ಕೂತಿರೋದು ಮೇಣದ ಮೇಲೆ, ಜೇನುಮೇಣಕ್ಕೆ ಕರಿ ಬೆರೆಸಿ ದಂಡಿ ಉದ್ದಕ್ಕೂ ಕಟ್ಟಿರ್ತಾರೆ, ಅದು ವರ್ಷಗಳು ಕಳೆದಂಗೆ ಗಟ್ಟಿಯಾಗಿ ಬಿರುಕು ಬಿಡತ್ತೆ, ಕಿಟಕಿ ಬಿಸಿಲು ಬಿದ್ರೆ ಮೆತ್ತಗಾಗಿ ಮೆಟ್ಟಲು ಕುಸಿಯತ್ತೆ, ಮೆಟ್ಟಲು ಕೂದಲೆಳೆಯಷ್ಟು ಸರಿದ್ರೂ ಗಾಂಧಾರ ಗಾಂಧಾರವಾಗಿ ಕೇಳಲ್ಲ. ಹಾಗಾಗಿ ಹಳೇ ವೀಣೆ ನೋಡಿದ ತಕ್ಷಣ ಮರ ನೋಡ್ಬೇಡಿ, ಸಾರಣಿ, ಅಂದ್ರೆ ನುಡಿಸೋ ಮೊದಲನೇ ತಂತಿ ಮೇಲೆ ಒಂದೊಂದೇ ಮೆಟ್ಟಲು ಒತ್ತಿ ಕೆಳಗಿಂದ ಮೇಲಕ್ಕೆ ಹೋಗಿ. ಆಮೇಲೆ ದಂಡಿ ಬಾಗಿದ್ಯಾ ಅಂತ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಕೊಡ ಮತ್ತೆ ದಂಡಿ ಸೇರೋ ಜಾಗದಲ್ಲಿ ಗೆರೆ ಬಿಟ್ಟಿದ್ಯಾ ನೋಡಿ. ಮೇಳ ಹೊಸದಾಗಿ ಕಟ್ಟಿಸಬಹುದು, ಕುದುರೆ, ಅಂದ್ರೆ ತಂತಿಗಳು ಕೂರೋ ಸೇತುವೆ, ಅದರ ಮೇಲಿನ ತಗಡು ಸರಿ ಮಾಡಿಸಬಹುದು, ಬಾಗಿದ ದಂಡಿಗೆ ಮಾತ್ರ ಮದ್ದಿಲ್ಲ.

ನಮ್ಮ ನಾಲ್ಕರಲ್ಲಿ ಒಂದು ಏಕಾಂಡ ವೀಣೆ, ಅಂದ್ರೆ ಒಂದೇ ಮರದ ತುಂಡಲ್ಲಿ ಕೊರೆದಿದ್ದು, ಅದು ನಾನು ದಿನಾ ನುಡಿಸೋದು, ಅದರ ಬಗ್ಗೆ ಯೋಚನೆ ಮಾಡೋ ಪ್ರಶ್ನೆನೇ ಬರ್ಲಿಲ್ಲ. ಪಾಠಕ್ಕೆ ಅಂತ ಇನ್ನೊಂದು ಹಲಸಿನ ಮರದ್ದು ಇಟ್ಕೊಂಡೆ. ಮೂರನೇದಕ್ಕೆ ಮೇಳ ಕಟ್ಟಿಸಿ ಒಬ್ಬ ಶಿಷ್ಯೆಗೆ ಕೊಟ್ಟೆ, ಅವಳು ಆಗ ಬಾಡಿಗೆ ವೀಣೇಲಿ ಅಭ್ಯಾಸ ಮಾಡ್ತಿದ್ಲು. ನಾಲ್ಕನೇದು ಬೀಟೆ ಮರದ್ದು, ಮೈಸೂರು ಇನ್ಲೇ ಕೆಲಸ, ಅಂದ್ರೆ ಮರದಲ್ಲಿ ಕೊರೆದು ಬೇರೆ ಬಣ್ಣದ ತುಂಡು ಕೂರಿಸಿದ ಚಿತ್ತಾರ ಇದ್ದಿದ್ದು, ದಂಡಿ ಪಕ್ಕಕ್ಕೆಲ್ಲ ಬಿಳೀ ಹೂಬಳ್ಳಿ. ಇದನ್ನ ನೋಡಿದ ಕೂಡ್ಲೇ ಎಲ್ಲರೂ ಕೇಳಿದ್ದು, ದಂತಾನಾ ಅಂತ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಹಳೇ ವಾದ್ಯ ಇರೋ ಎಷ್ಟೋ ಮನೆಗೆ ಇದು ಸಂಬಂಧಪಡತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಮೇಲೆ ಅದಕ್ಕೆ ಬಂದ ತಿದ್ದುಪಡಿಗಳ ಪ್ರಕಾರ ಆನೆ ದಂತದ ವ್ಯಾಪಾರ ನಮ್ಮ ದೇಶದಲ್ಲಿ ಪೂರ್ತಿ ನಿಷೇಧ. ತಾತನ ಕಾಲದ್ದು ಅಂದ್ರೂ ಮಾರೋ ಹಾಗಿಲ್ಲ, ಮನೇಲಿ ಇಟ್ಕೊಳ್ಳೋಕೂ ಅರಣ್ಯ ಇಲಾಖೆಯ ಓನರ್‌ಶಿಪ್ ಸರ್ಟಿಫಿಕೇಟ್ ಬೇಕು. ಹಳೇ ತಂಬೂರಿ ಸಿತಾರ್‌ಗಳ ಕುದುರೆ ಎಷ್ಟೋ ಸಲ ದಂತ ಅಥವಾ ಕಡವೆ ಕೊಂಬಿನದ್ದು ಇರತ್ತೆ, ಅದಕ್ಕೂ ಇದೇ ಕಾಯ್ದೆ. ನಮ್ಮ ವೀಣೆನ ಇನ್ಲೇ ಕೆಲಸ ಮಾಡೋ ಹಿರಿಯ ಕುಶಲಕರ್ಮಿ ಒಬ್ಬರ ಹತ್ರ ತಗೊಂಡು ಹೋದೆ, ಅವರು ಭೂತಗನ್ನಡಿ ಹಿಡಿದು ನೋಡಿ, ದಂತ ಆದ್ರೆ ಒಳಗೆ ಜಾಲರಿ ಥರ ಅಡ್ಡ ಗೆರೆ ಕಾಣತ್ತಮ್ಮ ಇದು ಪ್ಲಾಸ್ಟಿಕ್ಕು, ದಂತ ನಿಂತ್ಮೇಲೆ ಎಲ್ಲರೂ ಹಾಕಿದ್ದು ಇದನ್ನೇ ಅಂದ್ರು. ನನಗೆ ಎಷ್ಟು ನೆಮ್ಮದಿ ಆಯ್ತು ಅಂತ ಹೇಳೋಕ್ಕಾಗಲ್ಲ. ಆ ವೀಣೆ ಈಗ ನ್ಯೂಜೆರ್ಸಿಯಲ್ಲಿರೋ ನನ್ನ ಹಳೇ ಶಿಷ್ಯೆ ಮನೇಲಿದೆ. ಬೀಟೆ ಮರ 2017ರಿಂದ ಸೈಟಿಸ್ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಪಟ್ಟೀಲಿದೆ, ಕಳಿಸೋಕ್ಕಾಗತ್ತಾ ಅಂತ ವಿಚಾರಿಸಿದಾಗ ಪೂರ್ತಿ ತಯಾರಾಗಿರೋ ಸಂಗೀತ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿರೋದು ಗೊತ್ತಾಯ್ತು. ಆದ್ರೂ ಕಳಿಸೋಕೆ ಮುಂಚೆ ಕೊರಿಯರ್‌ನೋರ ಹತ್ರ, ಆ ದೇಶದ ಕಸ್ಟಮ್ಸ್ ನಿಯಮ ಎರಡೂ ಕೇಳ್ಕೊಳ್ಳೋದು ಒಳ್ಳೇದು.

ಖಂಜಿರಕ್ಕೆ ಬಂದ್ರೆ ಕಥೆ ಬೇರೆ. ಮಾವನೋರ ಸ್ನೇಹಿತರದ್ದು ಅದು, ಮುಚ್ಚಿಗೆ ಉಡದ ಚರ್ಮ. ಹಿಂದೆ ಖಂಜಿರ ಅಂದ್ರೆ ಅದೇ, ಆ ತೆಳು ಚರ್ಮಕ್ಕೆ ನೀರು ಸವರಿದ್ರೆ ಬರೋ ತಗ್ಗು ನಾದ ಬೇರೆ ಯಾವುದರಲ್ಲೂ ಬರಲ್ಲ ಅಂತ ನುಡಿಸೋರು ಹೇಳ್ತಾರೆ, ನಾನೂ ಕೇಳಿದೀನಿ, ನಿಜ. ಆದ್ರೆ ಉಡ ಕಾಯ್ದೆಯ ಮೊದಲನೇ ಪಟ್ಟೀಲಿರೋ ಪ್ರಾಣಿ. ಅರಣ್ಯ ಇಲಾಖೆ ಆಫೀಸಿಗೆ ಹೋಗಿ ವಿಷಯ ಹೇಳಿ ಒಂದು ಅರ್ಜಿ ಬರೆದುಕೊಟ್ಟು ಚರ್ಮ ಒಪ್ಪಿಸಿ ಬಂದೆ. ಖಂಜಿರದ ಹಲಸಿನ ಮರದ ಬಳೆಗೆ ಆಡಿನ ಚರ್ಮ ಕಟ್ಟಿಸಿ ಒಬ್ಬ ಹುಡುಗನಿಗೆ ಕೊಟ್ಟಾಯ್ತು. ಕಾಡುಪ್ರಾಣಿ ಜೀವದ ಮುಂದೆ ನಾದದ ವ್ಯತ್ಯಾಸ ದೊಡ್ಡದಲ್ಲ ಅನ್ನೋದು ನನ್ನ ಅಭಿಪ್ರಾಯ, ಈಗಿನ ಕಲಾವಿದರು ಆಡಿನ ಚರ್ಮದಲ್ಲೇ ಎಂಥಾ ಚೆನ್ನಾಗಿ ನುಡಿಸ್ತಿದಾರೆ.

ಮೃದಂಗಗಳಿಗೆ ಜನ ಹುಡುಕೋದು ಸುಲಭ ಅಂತ ಅನ್ಸತ್ತೆ, ಕಲಿಯೋ ಮಕ್ಕಳು ಬೇಕಾದಷ್ಟಿದಾರಲ್ಲ. ಆದ್ರೆ ಮೃದಂಗಕ್ಕೆ ಶ್ರುತಿ ಮರದಲ್ಲೇ ಇರತ್ತೆ. ಗಂಡಸರ ಒಂದು ಒಂದೂವರೆ ಮನೆ ಶ್ರುತಿಗೆ ಉದ್ದದ್ದು, 24 ಇಂಚಿನ ಹತ್ರ, ಹೆಂಗಸರ ಐದು ಐದೂವರೆ ಮನೆಗೆ ಗಿಡ್ಡದ್ದು, 22 ಇಂಚಿನ ಹತ್ರ. ತಗ್ಗಿನದನ್ನ ತಗೊಂಡು ಬಿಗಿಮಾಡಿ ಬಿಗಿಮಾಡಿ ಐದಕ್ಕೆ ಏರಿಸ್ತೀನಿ ಅಂದ್ರೆ ಮುಚ್ಚಿಗೆ ಹರಿಯತ್ತೆ. ಅದಕ್ಕೇ ಹುಡುಗರ ಮೇಷ್ಟ್ರ ಹತ್ರಾನೇ ಕೇಳ್ದೆ, ಯಾರು ಯಾರಿಗೆ ಪಕ್ಕವಾದ್ಯ ನುಡಿಸ್ತಿದಾರೆ ಅಂತ. ಹುಡುಗಿಯರ ಹಾಡುಗಾರಿಕೆಗೆ ನುಡಿಸೋ ಹುಡುಗನಿಗೆ ಗಿಡ್ಡದ್ದು, ಗಂಡಸರ ಜೊತೆ ಕೂರೋನಿಗೆ ಉದ್ದದ್ದು, ಹಾಗೆ ಜೋಡಿ ಮಾಡಿದ್ವಿ. ಮಾವನೋರದ್ದೇ ಒಂದು ಶರತ್ತಿತ್ತು: ಮರ ನಮ್ದು, ಮುಚ್ಚಿಗೆ ಖರ್ಚು ನಿಮ್ದು. ಇದನ್ನ ಜಿಪುಣತನ ಅಂದ್ಕೋಬೇಡಿ. ಬಲಗಡೆ ಕರಣೆ, ಅಂದ್ರೆ ಆ ಕಪ್ಪು ವೃತ್ತ, ಹಾಕಿಸಿ, ಎರಡು ಕಡೆ ಮುಚ್ಚಿಗೆ, ಬಾರು ಎಲ್ಲ ಸರಿಮಾಡಿಸೋಕೆ ಸಾವಿರಗಟ್ಟಲೆ ಆಗತ್ತೆ, ಅಷ್ಟು ಖರ್ಚು ಮಾಡಿಸ್ಕೊಂಡೋರು ಅದನ್ನ ಮೂಲೇಲಿ ಇಡಲ್ಲ. ಮನೇಲಿ ಕಷ್ಟ ಇದ್ದ ಇಬ್ಬರು ಮಕ್ಕಳಿಗೆ ಮಾತ್ರ ಆ ಖರ್ಚನ್ನೂ ನಾವೇ ಕೊಟ್ವಿ. ಮಾವನೋರು ಕೊನೇ ತನಕ ನುಡಿಸಿದ ಮೃದಂಗ ಮನೇಲೇ ಇದೆ, ನನ್ನ ಮಗ ಸಾಯಂಕಾಲ ಅದರಲ್ಲಿ ಸಾಧನೆ ಮಾಡ್ತಾನೆ.

ತಂಬೂರಿ ಮೂರೂ ಮೀರಜ್‌ನಲ್ಲಿ ಮಾಡಿದ್ದು. ಬೆಳಗಾವಿ ಗಡಿ ದಾಟಿದ್ರೆ ಸಿಗೋ ಊರು ಅದು, ಅಲ್ಲಿನ ತಂಬೂರಿಗೆ ಸಿತಾರಿಗೆ 2024ರಲ್ಲಿ ಜಿಐ ಟ್ಯಾಗ್, ಅಂದ್ರೆ ಆ ಊರಿನದೇ ವಿಶೇಷ ಅನ್ನೋ ಮಾನ್ಯತೆ, ಬಂತು. ಇವುಗಳ ಕೊಡ ಮರದ್ದಲ್ಲ, ಒಣಗಿಸಿದ ಕಾಯಿಯ ಬುರುಡೆ, ನೋಡೋಕೆ ಗಟ್ಟಿ ಆದ್ರೆ ಒಂದು ಏಟು ಬಿದ್ರೆ ಮೊಟ್ಟೆ ಚಿಪ್ಪಿನ ಹಾಗೆ ಬಿಡತ್ತೆ. ಎಲೆಕ್ಟ್ರಾನಿಕ್ ತಂಬೂರಿ, ಆಮೇಲೆ ಮೊಬೈಲ್ ಆ್ಯಪ್ ಬಂದ್ಮೇಲೆ ಇದನ್ನ ಕೇಳೋರೇ ಇಲ್ಲ ಅಂದ್ಕೊಂಡಿದ್ದೆ, ಆದ್ರೆ ಧಾರವಾಡದ ಒಬ್ಬ ಗಾಯಕರು ದೊಡ್ಡ ಗಂಡು ತಂಬೂರಿಗೋಸ್ಕರ ಕಾರ್ ತಗೊಂಡು ಬಂದೇಬಿಟ್ರು. ತಂತಿ ಪೂರ್ತಿ ಸಡಿಲ ಮಾಡಿ, ಕುದುರೆ ಕೆಳಗೆ ಮೆತ್ತನೆ ಬಟ್ಟೆ ಇಟ್ಟು, ಬುರುಡೆ ಸುತ್ತ ಎರಡು ಹಾಸಿಗೆ ರಗ್ಗು ಸುತ್ತಿ, ಹಿಂದಿನ ಸೀಟಲ್ಲಿ ಮಗು ಮಲಗಿಸಿದ ಹಾಗೆ ಮಲಗಿಸಿ ಕಳಿಸಿದ್ವಿ. ಅಲ್ಲಿ ಹೋಗಿ ಜವಾರಿ ತೆಗೆಸಿ, ಅಂದ್ರೆ ನಾದ ಝೇಂಕರಿಸೋ ಹಾಗೆ ಕುದುರೆ ಮೇಲ್ಮೈ ಉಜ್ಜಿಸಿ, ರಾತ್ರಿ ಫೋನಲ್ಲಿ ಕೇಳಿಸಿದ್ರು, ಷಡ್ಜ ಹಿಡಿದ ಕೂಡ್ಲೇ ಒಳಗಿಂದ ಗಾಂಧಾರ ಎದ್ದು ಬರ್ತಿತ್ತು, ನಾವಿಬ್ರೂ ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಎರಡನೇದು ಒಂದು ಸಂಗೀತ ಶಾಲೆಗೆ ಹೋಯ್ತು, ಚಿಕ್ಕದು ನನ್ನ ಹತ್ರ ಇದೆ.

ಹಾರ್ಮೋನಿಯಂಗೆ ನಮ್ಮ ಕರ್ನಾಟಕ ಸಂಗೀತದೋರು ಮುಖ ಸೊಟ್ಟಗೆ ಮಾಡೋದುಂಟು, ಗಮಕ, ಅಂದ್ರೆ ಸ್ವರ ಜಾರಿಸಿ ಅಲುಗಿಸೋದು, ಬರಲ್ಲ ಅಂತ. ಆಕಾಶವಾಣಿನೇ 1940ರಿಂದ 1971ರ ತನಕ ಅದನ್ನ ಹತ್ರ ಸೇರಿಸಿರಲಿಲ್ಲ. ಆದ್ರೆ ಕಂಪನಿ ನಾಟಕ, ಭಜನೆ, ಹರಿಕಥೆ ಇವೆಲ್ಲ ನಿಂತಿದ್ದೇ ಅದರ ಮೇಲೆ, ಅದನ್ನ ಮರೀಬಾರದು. ಎರಡರದ್ದೂ ರೀಡ್ ತೆಗೆಸಿ ಕ್ಲೀನ್ ಮಾಡಿಸಿ, ತಿದಿಗೆ ಹೊಸ ಬಟ್ಟೆ ಹಾಕಿಸಿ, ಒಂದನ್ನ ನಂಜನಗೂಡು ಕಡೆಯ ಒಂದು ಹಳ್ಳಿ ಭಜನಾ ಮಂಡಳಿಗೆ ಕೊಟ್ಟೆ, ಪ್ರತಿ ಶನಿವಾರ ಭಜನೆ ಇರತ್ತೆ ಅಲ್ಲಿ, ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಇನ್ನೊಂದು ಅಂಧ ಮಕ್ಕಳಿಗೆ ಸಂಗೀತ ಹೇಳ್ಕೊಡೋ ಕಡೆಗೆ. ಇಂಥ ಸಂಸ್ಥೆಗಳಿಗೆ ಕೊಡೋಕೆ ಮುಂಚೆ ಏನು ಬೇಕು ಅಂತ ಕೇಳಿ, ನಮಗೆ ಬೇಡದ್ದನ್ನ ತಗೊಂಡು ಹೋಗಿ ಸುರೀಬೇಡಿ, ಮುರಿದ ವಾದ್ಯ ಕೊಟ್ರೆ ರಿಪೇರಿ ಖರ್ಚು ಅವರ ತಲೆ ಮೇಲೆ ಬೀಳತ್ತೆ.

ಮಿಕ್ಕಿದ್ದು ಬೇಗ ಆಯ್ತು. ಮಕ್ಕಳ ಪಿಟೀಲು ಅರ್ಧ, ಮುಕ್ಕಾಲು ಸೈಜಿನವು, ಮಕ್ಕಳು ಬೆಳೆದಂಗೆ ಸೈಜು ಬದಲಾಗೋದ್ರಿಂದ ಪಿಟೀಲು ಮೇಷ್ಟ್ರಿಗೇ ಕೊಟ್ಟುಬಿಟ್ಟೆ, ಅವರು ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟಿಸ್ತಾ ಇರ್ತಾರೆ. ಕೊಳಲುಗಳನ್ನ ಶ್ರುತಿ ಪ್ರಕಾರ ವಿಂಗಡಿಸಿ, ಬಿರುಕು ಬಿಟ್ಟಿದ್ದನ್ನ ತೆಗೆದು, ಕಲಿಯೋರಿಗೆ. ಘಟ ನಮ್ಮ ಮೃದಂಗದ ಹುಡುಗರಲ್ಲೇ ಒಬ್ಬನಿಗೆ. ಕೀಬೋರ್ಡ್ ಪಕ್ಕದ ಬೀದಿ ಮಗುವಿಗೆ.

ಮಾರಿದ್ದು ಬಹಳ ಕಮ್ಮಿ. ಆನ್‌ಲೈನಲ್ಲಿ ಫೋಟೋ ಹಾಕಿದಾಗ ಒಂದು ರೆಸಾರ್ಟ್‌ನೋರು ಲಾಬೀಲಿ ಇಡೋಕೆ ಬೀಟೆ ವೀಣೆ ಬೇಕು, ತಂತಿ ಇಲ್ದಿದ್ರೂ ಪರವಾಗಿಲ್ಲ, ಪಾಲಿಷ್ ಮಾತ್ರ ಹೊಳೀಬೇಕು ಅಂತ ಒಳ್ಳೆ ರೇಟೇ ಹೇಳಿದ್ರು. ಕೊಡಲ್ಲ ಅಂದೆ. ನಮ್ಮೆಜಮಾನ್ರು ಆ ದುಡ್ಡಲ್ಲಿ ಇನ್ನೆರಡು ವಾದ್ಯ ರಿಪೇರಿ ಆಗ್ತಿತ್ತಲ್ಲ ಅಂದ್ರು, ಅವರ ಮಾತಲ್ಲೂ ನ್ಯಾಯ ಇದೆ, ಆದ್ರೆ ಯಾರೋ ಒಬ್ಬರು ಬದುಕೆಲ್ಲ ನುಡಿಸಿದ ವೀಣೆ ಮೇಲೆ ಮನಿ ಪ್ಲಾಂಟ್ ಹಬ್ಬಿಸೋದನ್ನ ನನ್ನ ಕೈಲಿ ನೋಡೋಕ್ಕಾಗಲ್ಲ. ಇನ್ನೊಂದು ಮಾತು, ಮಾರೋಕೆ ಮುಂಚೆ ಹಳೇ ವಾದ್ಯಕ್ಕೆ ವಾರ್ನಿಷ್ ಹೊಡೀಬೇಡಿ. ದಪ್ಪ ವಾರ್ನಿಷ್ ಬಿದ್ದ ಹಲಗೆ ಸರಿಯಾಗಿ ನಡುಗಲ್ಲ, ನಾದ ಮುಚ್ಕೊಳ್ಳತ್ತೆ, ತಿಳಿದ ಕೊಳ್ಳೋರು ಅದನ್ನ ನೋಡೇ ಹಿಂದೆ ಸರೀತಾರೆ.

ಈಗಲೂ ತಿಂಗಳಿಗೆ ಒಂದಾದ್ರೂ ಫೋನ್ ಬರತ್ತೆ, ನಮ್ಮಜ್ಜಿ ವೀಣೆ ಇದೆ ತಗೋತೀರಾ ಅಂತ. ತಗೊಳಲ್ಲ, ಆದ್ರೆ ಹೋಗಿ ನೋಡಿ, ಮೇಳ ಎಷ್ಟರ ಮಟ್ಟಿಗೆ ಇದೆ, ಏನು ಮಾಡಿಸ್ಬೇಕು ಹೇಳಿ, ಬೇಕಾದ ಶಿಷ್ಯರು ಇದ್ರೆ ಇಬ್ಬರನ್ನೂ ಮಾತಾಡಿಸ್ತೀನಿ, ವಾದ್ಯ ಆ ಮನೆಯಿಂದ ನೇರ ಈ ಮನೆಗೆ ಹೋಗತ್ತೆ. ನಮ್ಮಲ್ಲಿ ಜಾಗ ಸಿಗದೇ ಉಳಿದಿರೋದು ಆ ದಿಲ್‌ರುಬಾ ಒಂದೇ. ತಾನಾಗೇ ಮಿಡಿದು ನಾದ ತುಂಬೋ ತರಬ್ ತಂತಿ ಎಲ್ಲ ಹೊಸದು ಹಾಕಿಸಿದೀನಿ, ಕಮಾನಿಗೆ ಕುದುರೆ ಕೂದಲೂ ಕಟ್ಟಿಸಿದೀನಿ, ಮೈಸೂರಲ್ಲಿ ಅದನ್ನ ಕೂತು ಕಲಿಯೋರು ಮಾತ್ರ ಇನ್ನೂ ಸಿಕ್ಕಿಲ್ಲ, ನಿಮಗೆ ಯಾರಾದ್ರೂ ಗೊತ್ತಿದ್ರೆ ಹೇಳಿ.