ಡ್ಯೂಪ್ಲೆಕ್ಸ್ ಕೈಕೊಟ್ಟ ರಾತ್ರಿ

ಶಿರಸಿಯಲ್ಲಿ ಜುಲೈ ಎಂದರೆ ಗೋಡೆಯೂ ಬೆವರುವ ತಿಂಗಳು. ಕಾಲೇಜಿನ ಹತ್ತಿರ ಇರುವ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಎರಡು ಯಂತ್ರಗಳಿವೆ. ಹಾಳೆಯ ಎರಡೂ ಬದಿಗೆ ತಾನಾಗಿಯೇ ಮುದ್ರಿಸುವುದು, ಅಂದರೆ ಡ್ಯೂಪ್ಲೆಕ್ಸ್ ಇರುವುದು, ದೊಡ್ಡದೊಂದಕ್ಕೇ. ಅದು ಕೈಕೊಡಲು ಆರಿಸಿಕೊಂಡದ್ದು, ಒಬ್ಬ ಹುಡುಗಿ ತನ್ನ ಪ್ರಬಂಧದ ಕಡತ ತಂದು ಕೊಟ್ಟ ಸಂಜೆಯನ್ನು. 212 ಪುಟ, ಐದು ಪ್ರತಿ, ಬೈಂಡಿಂಗ್ ಸಹಿತ, ಮರುದಿನ ಬೆಳಿಗ್ಗೆ ಹತ್ತಕ್ಕೆ ಬೇಕು. ಹಾಳೆಯ ಮೊದಲ ಮುಖ ಚೆನ್ನಾಗಿಯೇ ಬರುತ್ತಿತ್ತು. ಎರಡನೆಯ ಮುಖಕ್ಕೆಂದು ಮರಳಿ ಒಳಗೆ ಸರಿಯುವಾಗ ಬೀಸಣಿಗೆಯಂತೆ ಮಡಚಿಕೊಂಡು ಸಿಕ್ಕಿಬೀಳುತ್ತಿತ್ತು.

ಮೆಕ್ಯಾನಿಕ್ ಬರಬೇಕಾದದ್ದು ಹುಬ್ಬಳ್ಳಿಯಿಂದ. "ನಾಳೆ ಮಧ್ಯಾಹ್ನದೊಳಗೆ ಆಗುವುದಿಲ್ಲ ಸರ್" ಎಂದ. ಹುಡುಗಿ ಮಾತ್ರ ಕೌಂಟರಿನ ಮುಂದೆ ಕದಲದೆ ನಿಂತಿದ್ದಳು. "ಒಂದೇ ಬದಿಗೆ ಆದರೆ ದಪ್ಪ ಆಗುತ್ತದೆ ಅಣ್ಣ, ಗೈಡ್ ಒಪ್ಪುವುದಿಲ್ಲ." ಮುದ್ರಿಸುವ ಭಾಗ ಸರಿಯಾಗಿಯೇ ಇತ್ತು, ಕೆಟ್ಟದ್ದು ಹಾಳೆ ತಿರುಗಿಸುವ ಭಾಗವೊಂದೇ. ಆ ಕೆಲಸ ನಾನೇ ಮಾಡಿದರಾಯಿತು ಎಂದುಕೊಂಡು ಅವಳನ್ನು ಮನೆಗೆ ಕಳಿಸಿದೆ.

ಮೊದಲ ಪ್ರತಿಯಲ್ಲಿ ದುಡುಕಿದೆ. ಬೆಸ ಸಂಖ್ಯೆಯ 106 ಪುಟಗಳನ್ನು ಒಂದೇ ಏಟಿಗೆ ಮುದ್ರಿಸಿ, ಕಟ್ಟು ತಿರುಗಿಸಿ ಟ್ರೇಗೆ ಹಾಕಿ, ಸಮ ಸಂಖ್ಯೆಯ ಪುಟಗಳಿಗೆ ಆಜ್ಞೆ ಕೊಟ್ಟು ಚಹಾ ಕುಡಿಯಲು ಕೂತೆ. ಕೊನೆಯಲ್ಲಿ ಯಂತ್ರ ಇನ್ನೊಂದು ಹಾಳೆ ಕೇಳಿ ನಿಂತಿತು. ಆಗಲೇ ಎದೆ ಧಸಕ್ಕೆಂದಿತು. ತೆಗೆದು ನೋಡಿದರೆ 61ನೆಯ ಪುಟದ ಹಾಳೆಯ ಜೊತೆ ಮುಂದಿನದೂ ಅಂಟಿಕೊಂಡು ಹೋಗಿದೆ. ಅಲ್ಲಿಂದಾಚೆ 65ರ ಬೆನ್ನಿಗೆ 64, 67ರ ಬೆನ್ನಿಗೆ 66. ಮುಕ್ಕಾಲು ನೂರು ಹಾಳೆ ರದ್ದಿಗೆ. ಜಾಮ್ ಆದರೆ ಯಂತ್ರ ನಿಂತು ಕೂಗಿ ಹೇಳುತ್ತದೆ. ಹೀಗೆ ಜೋಡಿಯಾಗಿ ನುಸುಳಿದರೆ ತುಟಿ ಬಿಚ್ಚುವುದಿಲ್ಲ, ಅದಕ್ಕೇ ನನಗೆ ಜಾಮ್‌ಗಿಂತ ಇದರ ಭಯ ಹೆಚ್ಚು.

ಆಮೇಲೆ ಐವತ್ತೈವತ್ತು ಪುಟಗಳ ಕಂತು ಮಾಡಿಕೊಂಡೆ. 1ರಿಂದ 50ರವರೆಗಿನ ಬೆಸ ಪುಟ ಮುದ್ರಿಸಿದರೆ 25 ಹಾಳೆ. ಎಣಿಸಿ, ತಿರುಗಿಸಿ, ಸಮ ಪುಟ. ಕಂತಿನ ಕೊನೆಯ ಹಾಳೆಯ ಬೆನ್ನಿಗೆ 50 ಬಂದಿದ್ದರೆ ನಡುವೆ ಎಲ್ಲೂ ಹಾಳೆ ಜೋಡಿಯಾಗಿ ಹೋಗಿಲ್ಲ ಎಂದೇ ಲೆಕ್ಕ. ಹಾಗೆಯೇ 100, 150, 200. ಹೆಚ್ಚೆಂದರೆ 25 ಹಾಳೆ ಕೆಡಬಹುದು, ಅಷ್ಟೇ. ನಡುವೆ ಎರಡು ಸಲ ಕರೆಂಟು ಹೋಯಿತು. ಫ್ಯೂಸರ್, ಅಂದರೆ ಟೋನರಿನ ಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗ, ಎಳೆಯುವ ವಿದ್ಯುತ್ತಿಗೆ ನನ್ನ ಸಣ್ಣ ಯುಪಿಎಸ್ ಸಾಲದು, ಅದು ಕಂಪ್ಯೂಟರಿಗೆ ಮಾತ್ರ. ಆದರೂ ಎಲ್ಲಿಗೆ ನಿಂತಿತ್ತು ಎಂದು ಹುಡುಕಬೇಕಾದದ್ದು ಆ ಒಂದು ಕಂತಿನೊಳಗೆ ಮಾತ್ರ.

ಕಟ್ಟನ್ನು ಯಾವ ಮುಖ ಮೇಲೆ ಮಾಡಿ, ಯಾವ ಅಂಚು ಒಳಗೆ ಹೋಗುವಂತೆ ಇಡಬೇಕು ಎನ್ನುವುದು ಒಂದೊಂದು ಯಂತ್ರದಲ್ಲಿ ಒಂದೊಂದು ಥರ. ಊಹಿಸಲು ಹೋಗಬೇಡಿ. ನಾಲ್ಕು ಖಾಲಿ ಹಾಳೆಗೆ ಪೆನ್ಸಿಲಿನಲ್ಲಿ 1, 2, 3, 4 ಎಂದು ಬರೆದು, ತಲೆಯ ಕಡೆಗೆ ಬಾಣ ಹಾಕಿ, ಒಮ್ಮೆ ಓಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಆ ಉತ್ತರವನ್ನು ಚೀಟಿಯಲ್ಲಿ ಬರೆದು ಟ್ರೇಗೇ ಅಂಟಿಸಿದ್ದೇನೆ. ಪುಟಗಳ ಒಟ್ಟು ಸಂಖ್ಯೆ ಬೆಸವಾಗಿದ್ದರೆ ಕೊನೆಯಲ್ಲಿ ಒಂದು ಖಾಲಿ ಪುಟ ಸೇರಿಸಿಕೊಳ್ಳುವುದು ಕ್ಷೇಮ.

ನಿಜವಾದ ಕಾಟ ಮಳೆಗಾಲದ ಕಾಗದದ್ದು. ಥಂಡಿ ಹಿಡಿದ ಹಾಳೆ ಫ್ಯೂಸರಿನ ಬಿಸಿಗೆ ಒಮ್ಮೆಲೇ ಒಣಗಿ, ಹಪ್ಪಳದಂತೆ ಅಂಚು ಎತ್ತುತ್ತದೆ. ಬಿಸಿ ಆರುವ ಮೊದಲೇ ತಿರುಗಿಸಿ ಹಾಕಿದರೆ ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಮೊದಲ ಪ್ರತಿ ಕೆಟ್ಟದ್ದೇ ಹಾಗೆ. ಆರಲೆಂದು ಗಂಟೆಗಟ್ಟಲೆ ಬಿಟ್ಟರೆ ಮತ್ತೆ ಥಂಡಿ ಕುಡಿದು ಅಲೆಯಂತಾಗುತ್ತದೆ. ಹತ್ತು ನಿಮಿಷ, ಮೇಲೊಂದು ಭಾರದ ಪುಸ್ತಕ, ಆಮೇಲೆ ಇಸ್ಪೀಟಿನ ಎಲೆಯಂತೆ ಕಟ್ಟನ್ನು ಎರಡೂ ತುದಿಯಿಂದ ಬಿಡಿಸಿ ಹಾಕುವುದು. ನನಗೆ ಒಗ್ಗಿದ ಕ್ರಮ ಇದು. ಅಗ್ಗದ 70 ಜಿಎಸ್‌ಎಮ್ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಾಗದವನ್ನು ಈ ಕೆಲಸಕ್ಕೆ ಮುಟ್ಟುವುದಿಲ್ಲ, 80ರದ್ದೇ ಬೇಕು. ಪೊಟ್ಟಣವನ್ನೂ ಬೇಕಾದಾಗಲಷ್ಟೇ ಒಡೆಯುತ್ತೇನೆ. ರಾತ್ರಿ ಒಂದೂವರೆಗೆ ಐದೂ ಪ್ರತಿ ಮುಗಿದವು.

ಬೆಳಿಗ್ಗೆ ಅವಳು ಒಯ್ದ ಮೇಲೆ ಪ್ಲಗ್ ಕಿತ್ತು ಹಿಂಬದಿಯ ಮುಚ್ಚಳ ಬಿಚ್ಚಿದೆ. ರೋಲರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಸೆನ್ಸರಿನ ಮೇಲಿದ್ದ ಟೋನರಿನ ಪುಡಿ ತೆಗೆದೆ. ಏನೂ ಬದಲಾಗಲಿಲ್ಲ. ಮತ್ತೆ ಓಡಿಸಿ ಕಿವಿಗೊಟ್ಟಾಗ ಸುಳಿವು ಸಿಕ್ಕಿತು: ಹಾಳೆ ಹಿಂದಕ್ಕೆ ಸರಿಯುವ ಹೊತ್ತಿಗೆ ಕೇಳಬೇಕಾದ 'ಟಕ್' ತುಸು ತಡವಾಗಿ ಕೇಳುತ್ತಿತ್ತು. ಆ ಸದ್ದು ಸೊಲೆನಾಯ್ಡ್‌ನದು, ಅಂದರೆ ವಿದ್ಯುತ್ ಬಂದಾಗ ಸಣ್ಣ ಲೋಹದ ಪಟ್ಟಿಯನ್ನು ಸೆಳೆದು, ಹೋದಾಗ ಬಿಡುವ ಸುರುಳಿ. ಪಟ್ಟಿ ಬಡಿಯುವ ಜಾಗದಲ್ಲಿ ಸದ್ದಾಗದಿರಲೆಂದು ಇಟ್ಟಿದ್ದ ಸ್ಪಂಜಿನ ಚೂರು ವಯಸ್ಸಾಗಿ ಜೋನಿಬೆಲ್ಲದಂತೆ ಅಂಟಾಗಿತ್ತು. ಪಟ್ಟಿ ಅದಕ್ಕೆ ಕಚ್ಚಿಕೊಂಡು ತಡವಾಗಿ ಬಿಡುತ್ತಿತ್ತು, ಅಷ್ಟರಲ್ಲಿ ಹಾಳೆ ದಾರಿ ತಪ್ಪುತ್ತಿತ್ತು. ಸ್ಪಿರಿಟಿನಿಂದ ಅಂಟು ತೆಗೆದು, ಸ್ಪಂಜಿನ ಜಾಗಕ್ಕೆ ಬಟ್ಟೆಯ ಟೇಪಿನ ಚೂರು ಹಚ್ಚಿದೆ.

ಮಧ್ಯಾಹ್ನ ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದು ಟೇಪನ್ನು ಬೆರಳಿನಿಂದ ಒತ್ತಿ ನೋಡಿದ. ಇಪ್ಪತ್ತು ಹಾಳೆ ಎರಡೂ ಬದಿಗೆ ಓಡಿಸಿದ. ಏನೂ ಹೇಳದೆ ಮುಚ್ಚಳ ಹಾಕಿದ. ಬಂದು ಹೋದ ಶುಲ್ಕ ಮಾತ್ರ ಪೂರ್ತಿ ತೆಗೆದುಕೊಂಡ.