ತ್ರೀಬೆಟ್ ಪಾಟ್‌ನಲ್ಲಿ ಜೋಡಿ ಹತ್ತು: ಎಲ್ಲಿವರೆಗೆ ಹೋಗಬಹುದು?

ಪೋಕರ್‌ನಲ್ಲಿ ಕೈಗೆ ಜೋಡಿ ಎಕ್ಕ ಬಂದರೆ ಆಡೋದನ್ನ ಯಾರೂ ಹೇಳಿಕೊಡಬೇಕಿಲ್ಲ. ಜೋಡಿ ನಾಲ್ಕು ಬಂದರೆ, ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ಬೀಳುವ, ಎಲ್ಲರಿಗೂ ಸೇರಿದ ಮೂರು ಎಲೆ) ಸೆಟ್ ಆಗದಿದ್ದರೆ, ಅಂದರೆ ಮೂರನೇ ನಾಲ್ಕು ಬಾರದಿದ್ದರೆ, ಬಿಟ್ಟು ಏಳಬಹುದು. ತಲೆ ತಿನ್ನೋದು ನಡುವಿನವು: ಒಂಬತ್ತು, ಹತ್ತು, ಗುಲಾಮ. ಅದರಲ್ಲೂ ಫ್ಲಾಪ್‌ಗೆ ಮುಂಚೆ ತ್ರೀಬೆಟ್ (ಒಬ್ಬರು ಬೆಟ್ ಏರಿಸಿ ರೇಸ್ ಮಾಡಿದ ಮೇಲೆ ಇನ್ನೊಬ್ಬರು ಮತ್ತೆ ಏರಿಸೋದು) ಆಗಿ ಪಾಟ್, ಅಂದರೆ ನಡುವೆ ಸೇರಿದ ದುಡ್ಡು, ಮೊದಲೇ ದೊಡ್ಡದಾಗಿದ್ದು, ಫ್ಲಾಪ್‌ನಲ್ಲಿ ಬಿದ್ದ ಮೂರೂ ಎಲೆ ನಿಮ್ಮ ಜೋಡಿಗಿಂತ ಚಿಕ್ಕವಾಗಿದ್ದಾಗ. ಹೊಸಬರು ನನ್ನ ಹತ್ತಿರ ತರುವ ಕೈಗಳಲ್ಲಿ ಹೆಚ್ಚಿನವು ಇಂಥವೇ.

ಜೋಡಿ ಹತ್ತು ಇದ್ದಾಗ ಫ್ಲಾಪ್‌ನಲ್ಲಿ ಗುಲಾಮ, ರಾಣಿ, ರಾಜ, ಎಕ್ಕ ಒಂದೂ ಬಾರದೆ ಇರೋದು 100ರಲ್ಲಿ ಸುಮಾರು 30 ಸಲ. ಗುಲಾಮಕ್ಕೆ 43. ಒಂಬತ್ತಕ್ಕೆ ಬರೀ 21. ಹಾಗಾಗಿ ಇಂಥ ಫ್ಲಾಪ್ ಬಿದ್ದ ಕೂಡಲೇ ಖುಷಿಯಾಗೋದು ಸಹಜ. ಕೈ ತಾನಾಗಿ ಚಿಪ್‌ಗಳ ಕಡೆ ಹೋಗುತ್ತೆ. ಅಲ್ಲಿ ಸ್ವಲ್ಪ ತಡೀರಿ. ಎದುರಾಳಿ ಯಾವ ಸೀಟಿನಿಂದ ತ್ರೀಬೆಟ್ ಹಾಕಿದರು ಅನ್ನೋದನ್ನ ಮೊದಲು ನೆನಪಿಸಿಕೊಳ್ಳಿ. ಫ್ಲಾಪ್‌ನ ಎಲೆಗಳಿಗಿಂತ ಅದು ಜಾಸ್ತಿ ಹೇಳುತ್ತೆ.

ನೀವು ಮೊದಲ ಸೀಟಿನಿಂದ ರೇಸ್ ಮಾಡಿದ್ದೀರಿ, ಪಕ್ಕದಲ್ಲೇ ಕೂತವರು ತ್ರೀಬೆಟ್ ಹಾಕಿದರು ಅಂದುಕೊಳ್ಳಿ. ಬಿಗಿಯಾಗಿ ಆಡುವವರಾದರೆ ಅವರ ಕೈಯಲ್ಲಿರೋದು ಜೋಡಿ ರಾಣಿ, ಜೋಡಿ ರಾಜ, ಜೋಡಿ ಎಕ್ಕ, ಇಲ್ಲವೇ ಎಕ್ಕ-ರಾಜ. ಒಂದೊಂದು ಜೋಡಿಗೆ 6 ಕಾಂಬೊ (ಆ ಎರಡು ಎಲೆ ಕೂಡುವ ಬಗೆಗಳು), ಒಟ್ಟು 18. ಎಕ್ಕ-ರಾಜಕ್ಕೆ 16. ಅಂದರೆ ಚಿಕ್ಕ ಎಲೆಗಳ ಫ್ಲಾಪ್‌ನಲ್ಲೂ ನಿಮ್ಮ ಜೋಡಿ ಹತ್ತು ಅರ್ಧಕ್ಕಿಂತ ಜಾಸ್ತಿ ಸಲ ಹಿಂದಿದೆ. ಹಿಂದಿದ್ದಾಗ ಉಳಿದಿರೋದು ಎರಡೇ ಹತ್ತು, ಟರ್ನ್ ರಿವರ್ (ಮೇಜಿನ ನಾಲ್ಕನೇ, ಐದನೇ ಎಲೆ) ಎರಡೂ ಸೇರಿ ಅವು ಬರೋ ಸಾಧ್ಯತೆ ಸುಮಾರು 9%. ಅದೇ ನೀವು ಬಟನ್‌ನಿಂದ (ಫ್ಲಾಪ್ ಆದಮೇಲೆ ಕೊನೆಗೆ ಆಡುವ ಸೀಟು) ರೇಸ್ ಮಾಡಿ, ಬಿಗ್ ಬ್ಲೈಂಡ್‌ನವರು (ಎಲೆ ನೋಡುವ ಮೊದಲೇ ಕಡ್ಡಾಯ ಬೆಟ್ ಹಾಕುವ ಸೀಟು) ತ್ರೀಬೆಟ್ ಹಾಕಿದ್ದರೆ ಕಥೆಯೇ ಬೇರೆ. ಅವರಲ್ಲಿ ಎಕ್ಕ-ರಾಣಿ, ಒಂದೇ ಜಾತಿಯ (ಎರಡೂ ಇಸ್ಪೀಟ್, ಹೀಗೆ) ಎಕ್ಕ-ಐದು, ರಾಜ-ರಾಣಿ, ಏನು ಬೇಕಾದರೂ ಇರಬಹುದು. ಕೈ ಅದೇ, ಬೋರ್ಡ್ (ಮೇಜಿನ ಎಲೆಗಳು) ಅದೇ, ಬೆಲೆ ಮಾತ್ರ ಬೇರೆ.

ಈ ಎರಡನೇದನ್ನೇ ಒಂದು ಕೈಯಾಗಿ ಆಡಿ ನೋಡೋಣ. ಇಬ್ಬರ ಹತ್ತಿರವೂ 100 ಬಿಗ್ ಬ್ಲೈಂಡ್ ಇದೆ, ಅಂದರೆ ಆ ಕಡ್ಡಾಯ ಬೆಟ್‌ನ 100 ಪಟ್ಟು; ಮುಂದಿನ ಲೆಕ್ಕವೆಲ್ಲ ಇದರಲ್ಲೇ. ನೀವು ಬಟನ್‌ನಿಂದ 2.5ಕ್ಕೆ ರೇಸ್, ಅದರ ಅರ್ಧ ಹಾಕಿದ್ದ ಸ್ಮಾಲ್ ಬ್ಲೈಂಡ್ ಫೋಲ್ಡ್ (ಎಲೆ ಎಸೆದರು), ಬಿಗ್ ಬ್ಲೈಂಡ್ 11ಕ್ಕೆ ತ್ರೀಬೆಟ್, ನೀವು ಕಾಲ್ (ಅಷ್ಟೇ ಹಾಕಿದಿರಿ). ಪಾಟ್ 22.5, ಹಿಂದೆ ಉಳಿದದ್ದು 89. ಅಂದರೆ ಪಾಟ್‌ನ ನಾಲ್ಕು ಪಟ್ಟು. ಒಂದೇ ಏಟಿಗೆ ಒಳಗೆ ಹೋಗುವಷ್ಟು ಕಮ್ಮಿಯಲ್ಲ, ಆರಾಮಾಗಿ ಕೂರುವಷ್ಟು ಜಾಸ್ತಿಯೂ ಅಲ್ಲ.

ಫ್ಲಾಪ್: ಇಸ್ಪೀಟ್ ಒಂಬತ್ತು, ಡೈಮಂಡ್ ನಾಲ್ಕು, ಕಳಾವರ್ ಎರಡು. ಎದುರಾಳಿ 7.5 ಬೆಟ್. 7.5 ಕೊಟ್ಟರೆ ಪಾಟ್ 37.5 ಆಗುತ್ತೆ, ಹಾಗಾಗಿ ಕಾಲ್ ಮಾಡಲು ನಿಮಗೆ 20% ಗೆಲುವು ಸಾಕು, ನಿಮ್ಮ ಹತ್ತಿರ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಫೋಲ್ಡ್ ಮಾತೇ ಇಲ್ಲ. ಪ್ರಶ್ನೆ ರೇಸ್ ಮಾಡಬೇಕಾ ಅನ್ನೋದು. ನಾನು ಮಾಡೋದಿಲ್ಲ. ರೇಸ್ ಮಾಡಿದರೆ ಎಕ್ಕ-ರಾಣಿ ಓಡಿಹೋಗುತ್ತೆ, ಜೋಡಿ ರಾಣಿ ಉಳಿಯುತ್ತೆ. "ಎಕ್ಕ-ರಾಜಕ್ಕೆ ಇನ್ನೂ ಕಾಲು ಭಾಗ ಅವಕಾಶ ಇದೆಯಲ್ಲ, ಓಡಿಸಿದರೆ ಲಾಭ ಅಲ್ವಾ?" ಅಂತ ಕೇಳ್ತಾರೆ. ಲಾಭವೇ. ಆದರೆ ಅದೇ ಎಕ್ಕ-ರಾಜ ಟರ್ನ್‌ನಲ್ಲಿ ಇನ್ನೊಂದು ಬ್ಲಫ್ ಹಾಕಿದರೆ ಅದಕ್ಕಿಂತ ಜಾಸ್ತಿ ಲಾಭ. ಪೊಸಿಶನ್ ನಿಮ್ಮದು, ಅಂದರೆ ಅವರ ನಂತರ ಆಡೋದು ನೀವು. ಬೋರ್ಡ್ ಒಣಗಿದೆ, ಮುಂದಿನ ಎಲೆಗೆ ಕಾಯುವ ಕೈಗಳು ಕಮ್ಮಿ. ಅವಸರ ಯಾಕೆ?

ಟರ್ನ್ ಆಟೀನು ಏಳು. ಪಾಟ್ 37.5, ಬೆಟ್ 25. ಈಗ ಬೇಕಿರೋದು ಸುಮಾರು 29%. ಇದಕ್ಕೂ ಕಾಲ್. ಏಳರ ಬದಲು ರಾಜ ಬಿದ್ದಿದ್ದರೆ ಇದೇ ಬೆಟ್‌ಗೆ ನಾನು ಹೆಚ್ಚಿನ ಸಲ ಫೋಲ್ಡ್ ಮಾಡುತ್ತಿದ್ದೆ, ಯಾಕಂದರೆ ಇಷ್ಟು ಹೊತ್ತು ನಾವು ಗೆಲ್ಲುತ್ತಿದ್ದ ಎಕ್ಕ-ರಾಜವೇ ಈಗ ನಮ್ಮನ್ನು ದಾಟಿಬಿಟ್ಟಿರುತ್ತೆ. ಎಕ್ಕ ಬಿದ್ದರೂ ಹಾಗೇ. ರಾಣಿ ಬಿದ್ದರೆ ಅಷ್ಟು ಭಯ ಬೇಡ, ಎಕ್ಕ-ರಾಜ ಇನ್ನೂ ಖಾಲಿ ಕೈಯಲ್ಲೇ ಇದೆ.

ರಿವರ್ ಡೈಮಂಡ್ ಎರಡು. ಸ್ಟ್ರೇಟ್ (ಸಾಲಾಗಿ ಐದು ಎಲೆ) ಇಲ್ಲ, ಫ್ಲಶ್ (ಒಂದೇ ಜಾತಿಯ ಐದು ಎಲೆ) ಇಲ್ಲ. ಪಾಟ್ 87.5, ಎದುರಾಳಿ ಉಳಿದ 56.5 ಅನ್ನೂ ಆಲ್‌ಇನ್ ಹಾಕುತ್ತಾರೆ. ನೀವು 56.5 ಕೊಟ್ಟರೆ ಗೆಲ್ಲೋದು 144. ಅಂದರೆ 28% ಸಲ ಗೆದ್ದರೆ ಸಮ.

ಇಲ್ಲಿ ಮುಖ ನೋಡಬೇಡಿ, ಎಣಿಸಿ. ನಿಮ್ಮನ್ನು ಸೋಲಿಸುವವು ಯಾವುವು? ರಾಣಿ, ರಾಜ, ಎಕ್ಕದ ಜೋಡಿಗಳು 18, ಒಂಬತ್ತರ ಜೋಡಿ 3, ಒಟ್ಟು 21. ಸಮ ಆಗಬೇಕಾದರೆ ಬ್ಲಫ್ ಸುಮಾರು 8 ಕಾಂಬೊ ಇರಬೇಕು. ಎಕ್ಕ-ರಾಜ ಒಂದರಲ್ಲೇ 16 ಇದೆ. ಅದರಲ್ಲಿ ಅರ್ಧವನ್ನಾದರೂ ಮೂರನೇ ಸಲ ಒಳಗೆ ನೂಕುವ ಆಸಾಮಿಯಾ ಇವರು? ಹೌದಾದರೆ ಕಾಲ್. ಜೋಡಿ ಗುಲಾಮವನ್ನೂ ಹೀಗೇ ಹಾಕುವವರಾದರೆ ಸೋಲಿಸುವವು 27 ಆಯಿತು, ಬ್ಲಫ್ 10-11 ಬೇಕು. ಚಿಕ್ಕ ಟೇಬಲ್‌ಗಳಲ್ಲಿ ನಾನು ನೋಡಿದ ಮಟ್ಟಿಗೆ ಜನ ಫ್ಲಾಪ್‌ನಲ್ಲಿ ಧಾರಾಳವಾಗಿ ಬ್ಲಫ್ ಹಾಕ್ತಾರೆ, ಟರ್ನ್‌ನಲ್ಲಿ ಸ್ವಲ್ಪ ಹಾಕ್ತಾರೆ, ರಿವರ್ ಬಂದರೆ ಕೈ ಕಟ್ಟಿ ಚೆಕ್ ಮಾಡ್ತಾರೆ (ಬೆಟ್ ಹಾಕದೆ ಬಿಡ್ತಾರೆ). ಹಾಗಾಗಿ ಪರಿಚಯವಿಲ್ಲದವರು ರಿವರ್‌ನಲ್ಲಿ ಹಾಕುವ ಮೂರನೇ ಬೆಟ್‌ಗೆ ನಾನು ಜೋಡಿ ಹತ್ತನ್ನು ಎಸೆದುಬಿಡುತ್ತೇನೆ. ಸುಮ್ನೆ ಕುತೂಹಲಕ್ಕೆ 56 ಬ್ಲೈಂಡ್ ಕೊಡೋದು ದುಬಾರಿ.

ಬೋರ್ಡ್ ಒಣಗಿಲ್ಲದಿದ್ದರೆ? ಆಟೀನು ಒಂಬತ್ತು, ಆಟೀನು ಎಂಟು, ಕಳಾವರ್ ಆರು ಬಿದ್ದಿದೆ ಅನ್ನಿ. ಇಲ್ಲಿ ನನ್ನ ಮಾತು ತಿರುಗಿಸುತ್ತೇನೆ. ಟರ್ನ್‌ನಲ್ಲಿ ನಿಮಗೆ ಇಷ್ಟವಾಗದ ಎಲೆಗಳು ತುಂಬಾ ಇವೆ: ಎಲ್ಲಾ ಆಟೀನು, ಎಲ್ಲಾ ದೊಡ್ಡ ಎಲೆ. ಏಳು ಬಂದರೆ ನಿಮಗೇ ಸ್ಟ್ರೇಟ್ ಅನ್ನೋ ಬೆನ್ನಾಸರೆಯೂ ಇದೆ. ರೇಸ್ ಮಾಡಿ. ಡ್ರಾ (ಇನ್ನೊಂದು ಎಲೆ ಬಂದರೆ ಸ್ಟ್ರೇಟ್ ಇಲ್ಲವೇ ಫ್ಲಶ್ ಆಗುವ ಕೈ) ಇಟ್ಟುಕೊಂಡವರು ಕಾಲ್ ಮಾಡ್ತಾರೆ, ದುಡ್ಡು ಕೊಟ್ಟು ಎಲೆ ನೋಡಲಿ. ಎದುರಾಳಿ ಬ್ಲೈಂಡ್‌ನಿಂದ ತ್ರೀಬೆಟ್ ಹಾಕಿದವರಾದರೆ ಆಲ್‌ಇನ್ ಹೋದರೂ ನಾನು ಬೇಸರ ಮಾಡಿಕೊಳ್ಳೋದಿಲ್ಲ.

ತ್ರೀಬೆಟ್ ಹಾಕಿದವರು ನೀವೇ, ಅದೂ ಸ್ಮಾಲ್ ಬ್ಲೈಂಡ್‌ನಿಂದ, ಮುಂದೆ ಎಲ್ಲಾ ಸುತ್ತಿನಲ್ಲೂ ಮೊದಲು ನೀವೇ ಆಡಬೇಕು ಅಂದರೆ ಕೆಲಸ ಬೇರೆ. ಎಂಟು-ಐದು-ಮೂರು ಬಿದ್ದರೆ ಮೂರನೇ ಒಂದು ಭಾಗದ ಪುಟ್ಟ ಬೆಟ್ ಬೇಡ. ಪಾಟ್‌ನ ಅರ್ಧದಿಂದ ಮೂರರಲ್ಲಿ ಎರಡು ಭಾಗದವರೆಗೆ ಹಾಕಿ. ಎದುರಿಗಿರುವ ರಾಜ-ರಾಣಿಗೆ ಒಂದೊಂದು ಎಲೆಗೆ 13% ಅವಕಾಶ ಇದೆ, ಅದನ್ನು ಅಗ್ಗಕ್ಕೆ ಮಾರಬೇಡಿ. ಜೋಡಿ ಏಳು, ಜೋಡಿ ಆರು ಹೇಗೂ ಕಾಲ್ ಮಾಡುತ್ತವೆ. ಟರ್ನ್ ಚಿಕ್ಕದಾದರೆ ಇನ್ನೊಂದು ಬೆಟ್. ದೊಡ್ಡ ಎಲೆಯಾದರೆ ಚೆಕ್. ರಿವರ್‌ನಲ್ಲಿ ಬಹಳಷ್ಟು ಸಲ ಚೆಕ್ ಮಾಡಿ, ಅವರೇ ಬೆಟ್ ಹಾಕಿದರೆ ಮತ್ತೆ ಅದೇ ಎಣಿಕೆ.

ಇನ್ನು ಫೋರ್‌ಬೆಟ್ ಪಾಟ್, ಅಂದರೆ ತ್ರೀಬೆಟ್ ಮೇಲೂ ಮತ್ತೊಂದು ರೇಸ್ ಆಗಿದ್ದು. ಅಲ್ಲಿ ಫ್ಲಾಪ್ ಹೊತ್ತಿಗೆ ಪಾಟ್ 50ರ ಹತ್ತಿರ, ಹಿಂದೆ ಉಳಿದದ್ದು 75ರ ಹತ್ತಿರ ಇರುತ್ತೆ. ಓವರ್‌ಪೇರ್ (ಫ್ಲಾಪ್‌ನ ಎಲ್ಲಾ ಎಲೆಗಿಂತ ದೊಡ್ಡ ಜೋಡಿ) ಆದಮೇಲೆ ಫೋಲ್ಡ್ ಮಾಡುವ ಜಾಗವೇ ಇಲ್ಲ. ಎದುರಾಳಿ ರಾಜ ಮತ್ತು ಎಕ್ಕದ ಜೋಡಿಗೆ ಮಾತ್ರ ಫೋರ್‌ಬೆಟ್ ಹಾಕುವವರು ಅಂತ ನಿಮಗೆ ಖಚಿತವಾಗಿ ಗೊತ್ತಿದ್ದರೆ, ಆ ಫೋಲ್ಡನ್ನು ಫ್ಲಾಪ್‌ಗೆ ಮುಂಚೆಯೇ ಮಾಡಿಬಿಡಿ.